ಆಲೂಗಡ್ಡೆ ಮೊಳಕೆ ಗೇಣುದ್ದ ಬಂದಿದೆ, ನೆಡಬಹುದಾ?

ಪ್ರಶ್ನೆ: ನಮ್ಮೂರು ಹಾಸನದ ಹತ್ತಿರ. ಹಿತ್ತಲಲ್ಲಿ ಹಾಕೋಣ ಅಂತ 3 ಕೆಜಿ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಗಡ್ಡೆ ತಂದು, ಗೋಣಿಚೀಲದಲ್ಲೇ ಅಟ್ಟದ ಮೇಲೆ ಇಟ್ಟಿದ್ದೆ. ಇವತ್ತು ನೋಡಿದರೆ ದಾರದ ಹಾಗೆ ಬಿಳಿ ಮೊಳಕೆ. ಮುಟ್ಟಿದರೆ ಮುರಿಯುತ್ತದೆ. ಏನು ಮಾಡಲಿ?

ಉತ್ತರ 1: ಕತ್ತಲಲ್ಲಿ ಇಟ್ಟರೆ ಹಾಗೇ ಆಗೋದು. ಗಡ್ಡೆ ಗಟ್ಟಿ ಇದೆಯಾ? ಹಾಗಿದ್ದರೆ ಆ ಮೊಳಕೆ ಮುರಿದುಬಿಡಿ, ಮತ್ತೆ ಬರುತ್ತದೆ. ನಾನು ಮೊಟ್ಟೆ ಟ್ರೇಯಲ್ಲಿ ಜೋಡಿಸಿ ಜಗಲಿಯಲ್ಲಿ ಇಡುತ್ತೇನೆ. ಕಣ್ಣು, ಅಂದರೆ ಮೊಳಕೆ ಬರುವ ಗುಳಿ, ಜಾಸ್ತಿ ಇರುವ ತುದಿ ಮೇಲೆ ಬರಬೇಕು. ಬೆಳಕು, ಗಾಳಿ ಬೇಕು. ನೇರ ಬಿಸಿಲು ಬೇಡ. ಅರ್ಧ ಇಂಚಿನ ದಪ್ಪ, ಗಿಡ್ಡ ಮೊಳಕೆ ಬಂದರೆ ನೆಡಬಹುದು. ಅದನ್ನು ನೋಡುವುದೇ ಒಂದು ಖುಷಿ! ಬೆಳಕಿಗೆ ಹಸಿರಾದ ಗಡ್ಡೆಯನ್ನು ಮಾತ್ರ ಸಾರಿಗೆ ಹಾಕಬೇಡಿ, ವಿಷ.

ಉತ್ತರ 2: ದೊಡ್ಡ ಗಡ್ಡೆ ಕತ್ತರಿಸುವುದಾದರೆ ಹೋಳಿಗೆ ಎರಡು ಕಣ್ಣಾದರೂ ಇರಲಿ. ಕೊಯ್ದ ಭಾಗ ನೆರಳಲ್ಲಿ ಒಂದೆರಡು ದಿನ ಆರಲಿ. ಹೋದ ವರ್ಷ ಮಳೆ ಬಂತು ಅಂತ ಕೊಯ್ದ ದಿನವೇ ನೆಟ್ಟೆ. ಅರ್ಧಕ್ಕರ್ಧ ಮಣ್ಣಲ್ಲೇ ಕೊಳೆತುಹೋಯಿತು. ತುಂಬಾ ಬೇಜಾರಾಯಿತು.

ಕೇಳಿದವರು: ಮೂರು ಗಡ್ಡೆ ಮೆತ್ತಗಾಗಿದ್ದವು, ಎಸೆದೆ. ಉಳಿದವು ಈಗ ಜಗಲಿಯಲ್ಲಿವೆ. ತುಂಬಾ ಥ್ಯಾಂಕ್ಸ್.