ಸೈರನ್ ಹೊಡೆಯುವ ವೈರಸ್ ಎಚ್ಚರಿಕೆ, ಎನಿಡೆಸ್ಕ್, ಆಮೇಲೆ ಹಣ ಕಡಿತ: ಯಾವುದನ್ನು ಮೊದಲು ಮಾಡಬೇಕು?

ತೋಟದಮನೆ · ಬೆಳಿಗ್ಗೆ 11.50

ಕೊಡಗಿನ ಪೊನ್ನಂಪೇಟೆ ಹತ್ತಿರದ ತೋಟದ ಮನೆ. ಲ್ಯಾಪ್‌ಟಾಪ್ ದೊಡ್ಡಪ್ಪನದು: ವಿಂಡೋಸ್ 11, ಕ್ರೋಮ್, ಫೈಬರ್ ಇಂಟರ್ನೆಟ್. ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ನಾನು ಬೆಂಗಳೂರಿನಲ್ಲಿದ್ದೇನೆ, ಏನಿದ್ದರೂ ಫೋನಿನಲ್ಲಿ ಹೇಳಿ ಮಾಡಿಸಬೇಕು.

10.40ರ ಹೊತ್ತಿಗೆ ಪರದೆ ಪೂರ್ತಿ ನೀಲಿಯಾಗಿ, ಸೈರನ್ ಶಬ್ದದ ಜೊತೆ "ವೈರಸ್ ಇದೆ, ಆಫ್ ಮಾಡಬೇಡಿ, ಈ ನಂಬರಿಗೆ ಕರೆ ಮಾಡಿ" ಎಂದು ಬಂದಿದೆ. ದೊಡ್ಡಪ್ಪ ಕರೆ ಮಾಡಿದ್ದಾರೆ. ಆ ಕಡೆಯವರು ಎನಿಡೆಸ್ಕ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿಸಿ, ಅದರಲ್ಲಿ ಬಂದ ಒಂಬತ್ತು ಅಂಕಿಗಳನ್ನು ಓದಿಸಿಕೊಂಡಿದ್ದಾರೆ. ಕೆಂಪು ಗುರುತುಗಳ ಉದ್ದ ಪಟ್ಟಿ ತೋರಿಸಿ "ಇವರೆಲ್ಲ ಹ್ಯಾಕರ್‌ಗಳು" ಎಂದಿದ್ದಾರೆ. 499 ರೂ. ಶುಲ್ಕ ಎಂದು ನೆಟ್‌ಬ್ಯಾಂಕಿಂಗ್ ತೆರೆಸಿದ್ದಾರೆ. ನಡುವೆ ಪರದೆ ಕಪ್ಪಾಯಿತಂತೆ. 11.25ಕ್ಕೆ ಕರೆಂಟ್ ಹೋಗಿ ರೂಟರ್ ಆರಿ ಸಂಪರ್ಕ ಕಡಿದಿದೆ. ಆಮೇಲೆ ನೋಡಿದರೆ 24,999 ರೂ. ಕಡಿತವಾದ ಎಸ್‌ಎಂಎಸ್. ಆ ನಂಬರಿನಿಂದ ಕರೆಗಳು ಬರುತ್ತಲೇ ಇವೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಲೇ?

ಹಾರಂಗಿ · 11.56

ಫಾರ್ಮ್ಯಾಟ್ ಈಗ ಬೇಡ. ಮೊದಲು ಎರಡೇ ಕೆಲಸ, ಈ ನಿಮಿಷದಲ್ಲೇ.

ಒಂದು, ಕರೆಂಟ್ ಬರುವ ಮೊದಲು ಲ್ಯಾಪ್‌ಟಾಪಿನ ವೈಫೈ ಆರಿಸಲಿ. ಗೊತ್ತಾಗದಿದ್ದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಲಿ. ಕರೆಂಟ್ ಹೋದದ್ದರಿಂದ ಸಂಪರ್ಕ ಕಡಿದಿದೆಯೇ ಹೊರತು ಎನಿಡೆಸ್ಕ್ ಅಲ್ಲೇ ಕೂತಿದೆ. ಯಾರೂ ಒಪ್ಪಿಗೆ ಒತ್ತದೆ ಒಳಗೆ ಬರುವಂಥ ಪಾಸ್‌ವರ್ಡ್ ಅನ್ನು ಅವರು ಅದರಲ್ಲಿ ಇಟ್ಟಿರಬಹುದು. ಹಾಗಿದ್ದರೆ ರೂಟರ್ ಹೊತ್ತಿಕೊಂಡ ಕೂಡಲೇ ಅವರು ಮತ್ತೆ ಪರದೆಯ ಮೇಲಿರುತ್ತಾರೆ.

ಎರಡು, 1930ಕ್ಕೆ ಕರೆ. ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ ಅದು. ಬೆಂಗಳೂರಿನಿಂದ ನೀವೇ ಮಾಡಬಹುದು. ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ದೊಡ್ಡಪ್ಪನ ಹೆಸರು, ಖಾತೆಗೆ ಜೋಡಿಸಿದ ಮೊಬೈಲ್ ನಂಬರ್, ಬ್ಯಾಂಕ್ ಮತ್ತು ಖಾತೆ ಸಂಖ್ಯೆ, ಮೊತ್ತ, ದಿನಾಂಕ, ವೇಳೆ, ಎಸ್‌ಎಂಎಸ್‌ನಲ್ಲಿರುವ ವಹಿವಾಟು ಸಂಖ್ಯೆ. ಯುಪಿಐ ಆಗಿದ್ದರೆ ಅದು 12 ಅಂಕಿಯದು. ಎಸ್‌ಎಂಎಸ್ ಓದಿಸಿಕೊಂಡರೆ ಒಂದು ಅಂಕಿ ತಪ್ಪಬಹುದು, ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ದೂರು ದಾಖಲಾದ ಮೇಲೆ ಸ್ವೀಕೃತಿ ಸಂಖ್ಯೆ ಕೊಡುತ್ತಾರೆ. ಅದನ್ನು ಹಿಡಿದು 24 ಗಂಟೆಯೊಳಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಪೂರ್ತಿ ದೂರು ತುಂಬಬೇಕು.

ಇಷ್ಟು ಆತುರ ಯಾಕೆಂದರೆ, ಹಣ ಮೊದಲು ಹೋಗುವುದು ಬಾಡಿಗೆಗೆ ತೆಗೆದುಕೊಂಡ ಯಾರದೋ ಖಾತೆಗೆ. ಅಲ್ಲಿಂದ ಎರಡು ಮೂರು ಖಾತೆಗಳಿಗೆ ಹರಿದು ಎಟಿಎಂನಲ್ಲಿ ನಗದಾಗುತ್ತದೆ. ದಾರಿಯಲ್ಲಿ ಎಲ್ಲಿ ಉಳಿದಿದೆಯೋ ಅಲ್ಲಿ ತಡೆ ಹಾಕಲು ಸಾಧ್ಯ. ನಗದಾದ ಮೇಲೆ ತಡೆಯಲು ಏನೂ ಉಳಿಯುವುದಿಲ್ಲ.

ಅವರ ಕರೆ ಎತ್ತುವುದು ಬೇಡ. ನಂಬರ್‌ಗಳನ್ನು ಅಳಿಸುವುದೂ ಬೇಡ.

ಬೆಟ್ಟದದಾರಿ · 12.04

1930 ಸಿಗದೇ ಹೋದರೆ ಕಾಯುತ್ತ ಕೂರಬೇಡಿ, ಪೋರ್ಟಲ್‌ನಲ್ಲೇ ನೇರ ದೂರು ಹಾಕಿ, ನಡುನಡುವೆ ಕರೆ ಪ್ರಯತ್ನಿಸಿ. ಬ್ಯಾಂಕಿಗೆ ಬೇರೆಯಾಗಿ ಹೇಳಲೇಬೇಕು. ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವುದನ್ನೇ ಒತ್ತಿ.

ಬ್ಯಾಂಕಿನವರಿಗೆ ಬರೀ "ಹಣ ಹೋಗಿದೆ" ಎಂದರೆ ಕಾರ್ಡ್ ಒಂದನ್ನು ನಿಲ್ಲಿಸಿ ಬಿಡಬಹುದು. ಇವನ್ನೆಲ್ಲ ಬಿಡಿಬಿಡಿಯಾಗಿ ಕೇಳಿ: ನೆಟ್‌ಬ್ಯಾಂಕಿಂಗ್ ಲಾಕ್, ಯುಪಿಐ ಲಾಕ್, ಕಾರ್ಡ್ ಲಾಕ್. ಹೊಸ ಬೆನಿಫಿಷಿಯರಿ (ಹಣ ಕಳಿಸಲು ಸೇರಿಸಿಟ್ಟ ಖಾತೆ) ಸೇರಿದೆಯೇ? ದಿನದ ಮಿತಿ ಏರಿಸಿದ್ದಾರೆಯೇ? ನೋಂದಾಯಿತ ಮೊಬೈಲ್ ಅಥವಾ ಇಮೇಲ್ ಬದಲಾಗಿದೆಯೇ? ಕೊನೆಯದು, ಜನ ಕೇಳುವುದನ್ನು ಮರೆಯುವುದು: ಎಫ್‌ಡಿ ಮುರಿದಿದ್ದಾರೆಯೇ, ಅದರ ಮೇಲೆ ಓವರ್‌ಡ್ರಾಫ್ಟ್ ಸಾಲ ತೆಗೆದಿದ್ದಾರೆಯೇ? ಉಳಿತಾಯ ಖಾತೆಯಲ್ಲಿ ಮೂವತ್ತು ಸಾವಿರ ಇದ್ದು, ಕಾಫಿ ಮಾರಿದ ದುಡ್ಡು ಎಫ್‌ಡಿಯಲ್ಲಿದ್ದರೆ ಅವರ ಕಣ್ಣು ಎಫ್‌ಡಿಯ ಮೇಲೆಯೇ. ಪರದೆ ಕಪ್ಪಾದದ್ದೂ ಇದಕ್ಕೇ. ಎನಿಡೆಸ್ಕ್‌ನಲ್ಲಿ ಈ ಕಡೆಯವರ ಪರದೆ ಮುಚ್ಚಿ ಆ ಕಡೆಯಿಂದ ಕೆಲಸ ಮಾಡುವ ಸೌಲಭ್ಯ ಇದೆ. "ಅಪ್‌ಡೇಟ್ ಆಗುತ್ತಿದೆ, ಮುಟ್ಟಬೇಡಿ" ಎನ್ನುವುದು ಆ ಹೊತ್ತಿನಲ್ಲೇ.

ಇನ್ನೊಂದು ಪ್ರಶ್ನೆ: ದೊಡ್ಡಪ್ಪನ ಮೊಬೈಲಿನಲ್ಲೂ ಏನಾದರೂ ಹಾಕಿಸಿದರೇ? ಒಟಿಪಿ ಅವರಿಗೆ ಹೇಗೆ ಸಿಕ್ಕಿತು?

ತೋಟದಮನೆ · 12.41

1930ಕ್ಕೆ ಮೂರನೇ ಸಲ ಸಿಕ್ಕಿತು, ಸ್ವೀಕೃತಿ ಸಂಖ್ಯೆ ಬಂದಿದೆ. ಬ್ಯಾಂಕಿನವರು ಎಲ್ಲ ಲಾಕ್ ಮಾಡಿದರು. ಹೊಸ ಬೆನಿಫಿಷಿಯರಿ ಎರಡು ಇದ್ದವು, ತೆಗೆಸಿದೆ. ಎಫ್‌ಡಿ ಹಾಗೆಯೇ ಇದೆ. ಒಟಿಪಿಯನ್ನು "ರದ್ದತಿ ಕೋಡ್" ಎಂದು ಹೇಳಿ ಓದಿಸಿಕೊಂಡರಂತೆ. ಮೊಬೈಲಿನಲ್ಲಿ ಏನೂ ಹಾಕಿಸಿಲ್ಲ ಅನ್ನುತ್ತಾರೆ, ಆದರೆ ವಾಟ್ಸಾಪ್‌ನಲ್ಲಿ ಒಂದು ಫೈಲ್ ಕಳಿಸಿದ್ದಾರೆ. ದೊಡ್ಡಪ್ಪನಿಗೆ ಆ ಕೆಂಪು ಪಟ್ಟಿಯದ್ದೇ ಚಿಂತೆ. ಲ್ಯಾಪ್‌ಟಾಪಿನಲ್ಲಿ ನಿಜವಾಗಿಯೂ ವೈರಸ್ ಇತ್ತೇ?

ಏಲಕ್ಕಿಮಲೆ · 12.58

ಇರಲಿಲ್ಲ. ದೊಡ್ಡಪ್ಪನವರಿಗೆ ಇದನ್ನು ಸಾವಧಾನವಾಗಿ ಹೇಳಿ, ಅವರ ತಪ್ಪಿನಿಂದ ಕಂಪ್ಯೂಟರ್ ಕೆಟ್ಟದ್ದಲ್ಲ ಎಂದು ತಿಳಿಯಲಿ. ಗದರಿದರೆ ಮುಂದಿನ ಸಲ ಇಂಥದ್ದು ಬಂದಾಗ ನಿಮಗೆ ಹೇಳುವುದನ್ನೇ ಬಿಡುತ್ತಾರೆ, ಅಪಾಯ ಅದು.

ಆ ಕೆಂಪು ಪಟ್ಟಿ ಇವೆಂಟ್ ವ್ಯೂವರ್. ವಿಂಡೋಸ್ ತನ್ನ ದಿನಚರಿಯನ್ನು ಅದರಲ್ಲಿ ಬರೆದುಕೊಳ್ಳುತ್ತದೆ. ಯಾವುದೋ ಸೇವೆ ಶುರುವಾಗಲು ತಡವಾದರೆ, ವೈಫೈ ಒಂದು ಕ್ಷಣ ಬಿಟ್ಟುಹೋದರೆ ಅದಕ್ಕೂ ಎಚ್ಚರಿಕೆ ಗುರುತು ಬೀಳುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮ ಮಳೆಗಾಲದಲ್ಲಿ ಅದು ಉದ್ದವಾಗದೆ ಇನ್ನೇನು! ನಿಮ್ಮದೇ ಕಂಪ್ಯೂಟರಿನಲ್ಲಿ ತೆರೆದು ನೋಡಿ, ನೂರಾರು ಸಿಗುತ್ತವೆ.

ಅವರ ಚೀಲದಲ್ಲಿ ಇಂಥವು ಇನ್ನೂ ಇವೆ. ಕಪ್ಪು ಕಮಾಂಡ್ ಕಿಟಕಿಯಲ್ಲಿ "ಅಸಾಕ್" ಎಂಬ ಆದೇಶ ಕೊಟ್ಟು, ಕೊನೆಯಲ್ಲಿ 888 ಎಂದು ಶುರುವಾಗುವ ಉದ್ದದ ಸಂಖ್ಯೆ ತೋರಿಸಿ "ಇದು ನಿಮ್ಮ ಕಂಪ್ಯೂಟರಿನ ಗುಟ್ಟಿನ ಲೈಸೆನ್ಸ್ ನಂಬರ್, ನಮ್ಮಲ್ಲಿರುವುದಕ್ಕೆ ಹೊಂದುತ್ತದೆ ನೋಡಿ" ಎನ್ನುತ್ತಾರೆ. ಫೈಲ್‌ಗಳನ್ನು "ಸೆಂಡ್ ಟು" ಮೂಲಕ ಜಿಪ್ ಮಾಡುವ ಸೌಲಭ್ಯದ ಗುರುತು ಅದು, ಎಲ್ಲ ವಿಂಡೋಸ್‌ನಲ್ಲೂ ಒಂದೇ. "ನೆಟ್‌ಸ್ಟಾಟ್" ಕೊಟ್ಟು "ಫಾರಿನ್ ಅಡ್ರೆಸ್" ಎಂಬ ಕಾಲಂ ತೋರಿಸಿ ಪರದೇಶದ ಹ್ಯಾಕರ್ ಎನ್ನುತ್ತಾರೆ. ಅಲ್ಲಿ ಫಾರಿನ್ ಅಂದರೆ ಆಚೆ ತುದಿಯ ಕಂಪ್ಯೂಟರ್ ಅಷ್ಟೇ, ನೀವು ತೆರೆದಿಟ್ಟ ವೆಬ್‌ಸೈಟ್ ಕೂಡ ಅದರಲ್ಲಿ ಬರುತ್ತದೆ. "ಟ್ರೀ" ಆದೇಶ ಫೋಲ್ಡರ್‌ಗಳ ಹೆಸರನ್ನು ಸರಸರ ಓಡಿಸುತ್ತದೆ, ಅದಕ್ಕೆ "ಸ್ಕ್ಯಾನ್" ಎಂದು ಹೆಸರಿಡುತ್ತಾರೆ. ಓಟ ಮುಗಿದ ಮೇಲೆ "ವೈರಸ್ ಸಿಕ್ಕಿದೆ" ಎಂದು ಕೀಬೋರ್ಡಿನಲ್ಲಿ ಟೈಪ್ ಮಾಡುವವರು ಅವರೇ. ಸರ್ವಿಸ್ ಪಟ್ಟಿಯಲ್ಲಿ "ಸ್ಟಾಪ್ಡ್" ಎಂದಿರುವುದನ್ನು ತೋರಿಸಿ ರಕ್ಷಣೆ ನಿಂತುಹೋಗಿದೆ ಎನ್ನುವುದೂ ಹಾಗೆಯೇ. ಬೇಕಿಲ್ಲದಾಗ ಎಷ್ಟೋ ಸರ್ವಿಸ್‌ಗಳು ನಿಂತೇ ಇರುತ್ತವೆ.

ನೀಲಿ ಪರದೆ ಒಂದು ವೆಬ್ ಪುಟ, ಬೇರೇನೂ ಅಲ್ಲ. ವಿಂಡೋಸ್ ಎಚ್ಚರಿಕೆಯಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ. ನಂಬರ್ ಕಂಡರೆ ಸುಳ್ಳು ಎಂದು ಅಲ್ಲಿಗೇ ತೀರ್ಮಾನ. ಮುಚ್ಚುವ ಬಗೆ: ಎಸ್ಕೇಪ್ ಕೀಯನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು, ಬರೀ ತಟ್ಟಿದರೆ ಹೋಗದು, ಏಕೆಂದರೆ ಒಂದು ತಟ್ಟನ್ನು ತಡೆದು ಇಟ್ಟುಕೊಳ್ಳಲು ಪುಟಕ್ಕೆ ಸಾಧ್ಯ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಕ್ರೋಮ್ ಮುಗಿಸಬೇಕು. ಈ ಮೂರು ಕೀಗಳನ್ನು ಯಾವ ವೆಬ್ ಪುಟವೂ ತಡೆಯಲಾರದು. ಮತ್ತೆ ತೆರೆದಾಗ "ಹಿಂದಿನ ಪುಟ ತರಲೇ" ಎಂದು ಕೇಳಿದರೆ ಒಪ್ಪಬಾರದು. ಕ್ರೋಮ್ ಸೆಟ್ಟಿಂಗ್ಸ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿ ನೋಡಿ. ಪರಿಚಯವಿಲ್ಲದ ಸೈಟುಗಳಿಗೆ ಅನುಮತಿ ಇದ್ದರೆ ತೆಗೆಯಿರಿ, ಮೂಲೆಯಲ್ಲಿ ಪದೇ ಪದೇ ಏಳುವ "ವೈರಸ್" ಚೀಟಿಗಳ ಮೂಲ ಅದು.

ಹಾರಂಗಿ · 1.20

ಈಗ ಮೊಬೈಲ್. ಆ ಫೈಲಿನ ಹೆಸರು ಎಪಿಕೆ (ಮೊಬೈಲಿಗೆ ಆಪ್ ಹಾಕುವ ಫೈಲ್) ಎಂದು ಮುಗಿದರೆ ತೆರೆಯಬಾರದು, ಸ್ಕ್ರೀನ್‌ಶಾಟ್ ತೆಗೆದು ಹಾಗೇ ಇಡಿ. ಈಗಾಗಲೇ ತೆರೆದು ಇನ್‌ಸ್ಟಾಲ್ ಆಗಿದೆ ಎಂಬ ಸಂಶಯ ಇದ್ದರೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಂಥ ಆಪ್‌ಗಳು ಬಂದ ಎಸ್‌ಎಂಎಸ್ ಅನ್ನೆಲ್ಲ ಆಚೆಗೆ ಕಳಿಸುತ್ತವೆ, ಸಿಗ್ನಲ್ ಇಲ್ಲದಿದ್ದರೆ ಒಟಿಪಿ ಹೊರಗೆ ಹೋಗದು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಮೂರು ಜಾಗ: ಅಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಆಪ್ಸ್, ಎಸ್‌ಎಂಎಸ್ ಅನುಮತಿ ಇರುವ ಆಪ್‌ಗಳು. ಡಿವೈಸ್ ಅಡ್ಮಿನ್ ಅನುಮತಿ ತೆಗೆಯದೆ ಅಂಥ ಆಪ್ ಅನ್‌ಇನ್‌ಸ್ಟಾಲ್ ಆಗುವುದಿಲ್ಲ, ಜನ ಸೋಲುವುದು ಅಲ್ಲಿಯೇ. ಐಕಾನ್ ಅಡಗಿರಬಹುದು, ಆದ್ದರಿಂದ ಆಪ್‌ಗಳ ಪೂರ್ತಿ ಪಟ್ಟಿ ನೋಡಬೇಕು.

ಲ್ಯಾಪ್‌ಟಾಪ್: ಇಂಟರ್ನೆಟ್ ಇಲ್ಲದೆಯೇ ಆನ್ ಮಾಡಿ. ಎನಿಡೆಸ್ಕ್ ತೆಗೆಯುವ ಮೊದಲು ಅದರ ದಾಖಲೆ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಸಿ ಡ್ರೈವಿನಲ್ಲಿ ಪ್ರೋಗ್ರಾಂಡೇಟಾ, ಅದರೊಳಗೆ ಎನಿಡೆಸ್ಕ್ ಎಂಬ ಫೋಲ್ಡರ್. ಪ್ರೋಗ್ರಾಂಡೇಟಾ ಕಾಣದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ. ಬಳಕೆದಾರರ ಆಪ್‌ಡೇಟಾ, ರೋಮಿಂಗ್ ಒಳಗೂ ಎನಿಡೆಸ್ಕ್ ಫೋಲ್ಡರ್ ಇರುತ್ತದೆ. ಎರಡನ್ನೂ ಇಡಿಯಾಗಿ ನಕಲು ಮಾಡಿ. ಒಳಗೆ ಬಂದವರ ಎನಿಡೆಸ್ಕ್ ನಂಬರ್, ದಿನಾಂಕ, ವೇಳೆ ಅದರಲ್ಲಿರುತ್ತವೆ, ಪೊಲೀಸರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನಿಮ್ಮ ಹತ್ತಿರ ಇಲ್ಲ. ನಾನು ಮೊದಲೇ ಫಾರ್ಮ್ಯಾಟ್ ಬೇಡ ಎಂದದ್ದು ಇದಕ್ಕೇ.

ಆಮೇಲೆ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ಇವತ್ತಿನದೆಲ್ಲ ನೋಡಿ. ಎನಿಡೆಸ್ಕ್ ಜೊತೆಗೆ ಅದೇ ಬಗೆಯ ಟೀಮ್‌ವ್ಯೂವರ್, ಅಲ್ಟ್ರಾವ್ಯೂವರ್, ಸ್ಕ್ರೀನ್‌ಕನೆಕ್ಟ್ ಇರಬಹುದು. ಒಂದನ್ನು ತೆಗೆದರೆ ಇನ್ನೊಂದು ಇರಲಿ ಎಂದು ಎರಡು ಹಾಕಿಹೋಗುವುದು ಅವರ ರೂಢಿ. ಟಾಸ್ಕ್ ಶೆಡ್ಯೂಲರ್, ಸ್ಟಾರ್ಟಪ್, ಹೊಸ ಬಳಕೆದಾರರ ಖಾತೆ, ಕ್ರೋಮ್ ಎಕ್ಸ್‌ಟೆನ್ಶನ್, ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಶನ್ ಪಟ್ಟಿ (ಸ್ಕ್ಯಾನ್ ಮಾಡದೆ ಬಿಡುವಂಥವು), ಇವನ್ನೂ ನೋಡಿ. ಕೊನೆಗೆ ವಿಂಡೋಸ್‌ನದೇ ವೈರಸ್ ತಡೆಯಾದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್, ಸುಮಾರು 15 ನಿಮಿಷ. ನಡುವೆ ಕರೆಂಟ್ ಹೋಗಬಹುದು, ಬ್ಯಾಟರಿ ತುಂಬಿರಲಿ.

ನನ್ನ ಅಭಿಪ್ರಾಯ ಕೇಳಿದರೆ, ಅಪರಿಚಿತರು ಮುಕ್ಕಾಲು ಗಂಟೆ ಕೈಯಾಡಿಸಿದ ಯಂತ್ರದಲ್ಲಿ ಮತ್ತೆ ನೆಟ್‌ಬ್ಯಾಂಕಿಂಗ್ ಮಾಡುವ ಮೊದಲು ರೀಸೆಟ್ (ವಿಂಡೋಸ್ ಹೊಸದಾಗಿ ಹಾಕುವುದು) ಮಾಡುವುದೇ ಸರಿ. ದಾಖಲೆ ನಕಲಾದ ಮೇಲೆ, ಪೊಲೀಸರನ್ನು ಕೇಳಿ ಮಾಡಿ. ಫೋಟೋ, ಕಡತ ಮಾತ್ರ ಉಳಿಸಿಕೊಳ್ಳಿ, ಇನ್‌ಸ್ಟಾಲರ್‌ಗಳು ಬೇಡ. ರಿಕವರಿಯಲ್ಲಿ ಕ್ಲೌಡ್ ಡೌನ್‌ಲೋಡ್ (ವಿಂಡೋಸ್ ಅನ್ನು ಇಂಟರ್ನೆಟ್‌ನಿಂದ ತರಿಸುವುದು) ಆರಿಸಿದರೆ 4 ಜಿಬಿಗೂ ಹೆಚ್ಚು ಡೇಟಾ ಬೇಕು. ತೋಟದ ಮನೆಯ ಸಂಪರ್ಕ ಅದನ್ನು ತಾಳದಿದ್ದರೆ ಬೆಂಗಳೂರಿನಲ್ಲೇ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿ ತೆಗೆದುಕೊಂಡು ಹೋಗಿ. ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಇವತ್ತೇ ಬದಲಿಸಿ, ಇಮೇಲ್ ಮೊದಲು. ಇಮೇಲಿನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಕೂಡ ನೋಡಿ. ಬ್ಯಾಂಕಿನ ಮೇಲ್ ದೊಡ್ಡಪ್ಪನಿಗೆ ಕಾಣದಂತೆ ಕಸದ ಬುಟ್ಟಿಗೆ ತಿರುಗಿಸಿರಬಹುದು.

ತೋಟದಮನೆ · 2.15

ಫೈಲ್ ಎಪಿಕೆಯೇ, ತೆರೆದಿಲ್ಲ. ಎನಿಡೆಸ್ಕ್ ಜೊತೆಗೆ ಅಲ್ಟ್ರಾವ್ಯೂವರ್ ಕೂಡ ಇತ್ತು. ಫೋಲ್ಡರ್‌ಗಳ ನಕಲು ಆಯಿತು. ಒಟಿಪಿ ದೊಡ್ಡಪ್ಪನೇ ಹೇಳಿದ್ದರಿಂದ ಬ್ಯಾಂಕ್ ಹಣ ಕೊಡುವುದಿಲ್ಲವೇ?

ಬೆಟ್ಟದದಾರಿ · 2.32

ನೇರವಾಗಿ ಹೇಳುತ್ತೇನೆ. ಈ ಹೊಣೆಗಾರಿಕೆಯ ನಿಯಮ ಹಾಕಿಕೊಟ್ಟದ್ದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಗ್ರಾಹಕರೇ ಗುಟ್ಟಿನ ವಿವರ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಆದ್ದರಿಂದ ಈ 24,999ಕ್ಕೆ ಮುಖ್ಯ ಭರವಸೆ 1930ರ ತಡೆ. ನೀವು ಬ್ಯಾಂಕಿಗೆ ತಿಳಿಸಿದ ನಿಮಿಷ ಮಾತ್ರ ಬಹಳ ಬೆಲೆಯುಳ್ಳದ್ದು. ದೂರು ಸಂಖ್ಯೆ, ವೇಳೆ ಬರೆದಿಟ್ಟುಕೊಳ್ಳಿ. ಇವತ್ತು ಬ್ಯಾಂಕಿನ ವೇಳೆಯೊಳಗೆ ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ದೊಡ್ಡಪ್ಪನಿಗೆ ಮಳೆಯಲ್ಲಿ ಗೋಣಿಕೊಪ್ಪದವರೆಗೆ ಹೋಗಲು ಕಷ್ಟವಾದರೆ ನೋಂದಾಯಿತ ಇಮೇಲಿನಿಂದ ಕಳಿಸಿ, ನಾಳೆ ಕಾಗದ ಕೊಡಿ. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು, ಶುಲ್ಕ ಇಲ್ಲ.

ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಮಡಿಕೇರಿಯಲ್ಲಿದೆ. ಐಟಿ ಕಾಯ್ದೆಯ 66ಡಿ, ಅಂದರೆ ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸುವುದು, ಇಂಥದ್ದಕ್ಕೇ ಇರುವ ಕಲಂ. ಮೂರು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷ ರೂ.ವರೆಗೆ ದಂಡ.

ನಿರ್ವಾಹಕರು · 2.40

ಇಲ್ಲಿ "ಹಣ ವಾಪಸ್ ಕೊಡಿಸುತ್ತೇವೆ, ಈ ವಾಟ್ಸಾಪ್‌ಗೆ ಬನ್ನಿ" ಎಂದು ಬಂದ ಎರಡು ಉತ್ತರಗಳನ್ನು ತೆಗೆದುಹಾಕಿದ್ದೇವೆ. ಯಾರಿಗೂ ಸ್ವೀಕೃತಿ ಸಂಖ್ಯೆಯನ್ನೂ ಖಾತೆ ವಿವರವನ್ನೂ ಇಲ್ಲಿ ಬರೆಯಬೇಡಿ.

ಏಲಕ್ಕಿಮಲೆ · 3.05

ನಿರ್ವಾಹಕರು ತೆಗೆದಂಥ ಸಂದೇಶಗಳೇ ವಂಚಕರ ಮುಂದಿನ ಹೆಜ್ಜೆ, ದೊಡ್ಡಪ್ಪನಿಗೆ ಇವತ್ತೇ ಹೇಳಿ. ಒಮ್ಮೆ ಸಿಕ್ಕಿದವರ ನಂಬರ್ ಕೈಯಿಂದ ಕೈಗೆ ಹೋಗುತ್ತದೆ. ಕೆಲವೇ ದಿನಗಳಲ್ಲಿ "ಸೈಬರ್ ಪೊಲೀಸ್" ಎಂದೋ "ರಿಸರ್ವ್ ಬ್ಯಾಂಕ್" ಎಂದೋ ಕರೆ ಬರಬಹುದು: ಹಣ ಸಿಕ್ಕಿದೆ, ಬಿಡಿಸಲು ಶುಲ್ಕ ಕಟ್ಟಿ. ಸೊನ್ನೆ ತಪ್ಪಿ ಹೆಚ್ಚು ಹಣ ಹಾಕಿಬಿಟ್ಟೆವು, ಮಿಕ್ಕದ್ದು ಹಿಂತಿರುಗಿಸಿ ಎನ್ನುವುದೂ ಉಂಟು. ಬ್ಯಾಂಕ್ ಪುಟದಲ್ಲಿ ಎಫ್12 ಒತ್ತಿ ಅಂಕಿ ತಿದ್ದಿ ತೋರಿಸುತ್ತಾರೆ, ಪುಟವನ್ನು ರಿಫ್ರೆಶ್ ಮಾಡಿದರೆ ಹಳೆಯ ಮೊತ್ತವೇ ಬರುತ್ತದೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ.

ತೋಟದಮನೆ · 3.30

ರೂಟರ್ ಆರಿದಾಗ ಮನೆಯ ಲ್ಯಾಂಡ್‌ಲೈನ್ ಕೂಡ ಸತ್ತಿತ್ತು. ಮೊಬೈಲ್ ಸಿಗ್ನಲ್ ಅಂಗಳದ ತುದಿಯಲ್ಲಿ ಮಾತ್ರ. ಇದಕ್ಕೇನು ಮಾಡುವುದು?

ಹಾರಂಗಿ · 3.48

ಹಳೆಯ ತಾಮ್ರದ ಲೈನಿಗೆ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಫೈಬರ್ ಲ್ಯಾಂಡ್‌ಲೈನ್ ನಿಮ್ಮ ಮನೆಯ ಫೈಬರ್ ಪೆಟ್ಟಿಗೆಯ ಕರೆಂಟನ್ನೇ ನಂಬಿದೆ. ಪೆಟ್ಟಿಗೆಯ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ, ಹೆಚ್ಚಿನವು 12 ವೋಲ್ಟ್. ಅದಕ್ಕೆ ಹೊಂದುವ ರೂಟರ್ ಮಿನಿ ಯುಪಿಎಸ್ ಹಾಕಿದರೆ ಕೆಲವು ಗಂಟೆ ಫೋನ್ ಜೀವಂತ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಡಿ, ಆಗ ಒಳಮನೆಯಿಂದಲೂ ಕರೆ ಹೋಗುತ್ತದೆ.

ಆ ಫೋನಿನ ಪಕ್ಕದ ಗೋಡೆಗೆ ದಪ್ಪ ಅಕ್ಷರದ ಚೀಟಿ ಅಂಟಿಸಿ: ನಿಮ್ಮ ನಂಬರ್, 1930, ಕಾರ್ಡಿನ ಹಿಂದಿನ ಬ್ಯಾಂಕ್ ನಂಬರ್, ಬಿಲ್ಲಿನಲ್ಲಿ ಅಚ್ಚಾದ ಇಂಟರ್ನೆಟ್ ಕಂಪನಿಯ ನಂಬರ್. ನಾಲ್ಕನೆಯದನ್ನು ಬಿಡಬೇಡಿ. ಮರ ಬಿದ್ದು ಲೈನ್ ಕಡಿದಾಗ ಜನ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಹುಡುಕುತ್ತಾರೆ, ಮೇಲೆ ಬರುವ ನಂಬರ್ ವಂಚಕರೇ ಹಾಕಿದ್ದಿರಬಹುದು. ಇನ್ನೀಗ ರೂಟರ್ ಹಾಕಬಹುದು, ಲ್ಯಾಪ್‌ಟಾಪಿನ ವೈಫೈ ಮಾತ್ರ ರೀಸೆಟ್ ಆಗುವವರೆಗೆ ಆರಿಯೇ ಇರಲಿ.