ಪೊಟ್ಯಾಸಿಯಂ ಎದುರು ಸೊನ್ನೆ ಬರ್ತಿದೆ, ಸಾಲನ್ನೇ ಮರೆಮಾಡಬಹುದಾ?

ಹಿಟ್ಟುಕೈ: ಓಟ್ಸ್ ಬಿಸ್ಕತ್ತಿಗೆ ಅಮೆರಿಕದ ನಮೂನೆಯ ಪೌಷ್ಟಿಕಾಂಶ ಲೇಬಲ್ ಮಾಡ್ತಿದ್ದೀನಿ. ಸಾಫ್ಟ್‌ವೇರಿಗೆ ರೆಸಿಪಿ ತುಂಬಿ ಆಯ್ತು. ವಿಟಮಿನ್ ಡಿ, ಪೊಟ್ಯಾಸಿಯಂ ಎರಡಕ್ಕೂ 0 ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಪೋಷಕಾಂಶಕ್ಕೂ ‘ತೋರಿಸು/ಮರೆಮಾಡು’ ಅಂತ ಇದೆ. ಸೊನ್ನೆಗಳನ್ನೆಲ್ಲ ಮರೆಮಾಡಿದ್ರೆ ಲೇಬಲ್ ಪುಟ್ಟದಾಗುತ್ತೆ, ಪ್ಯಾಕೆಟ್ ಮೇಲೆ ಜಾಗ ಉಳಿಯುತ್ತೆ. ತಪ್ಪಾ?

ಲೇಬಲ್‌ಮಿತ್ರ: ಸುಮ್ಮನೆ ಟಿಕ್ ತೆಗೆದ್ರೆ ತಪ್ಪು. 2016ರ ತಿದ್ದುಪಡಿಯಿಂದ ವಿಟಮಿನ್ ಡಿ, ಕ್ಯಾಲ್ಸಿಯಂ, ಕಬ್ಬಿಣ, ಪೊಟ್ಯಾಸಿಯಂ ನಾಲ್ಕೂ ಕಡ್ಡಾಯ. ವಿಟಮಿನ್ ಎ, ಸಿ ನಿಮ್ಮಿಷ್ಟ. ಆದ್ರೆ ಪ್ಯಾಕೆಟ್ ಮೇಲೆ ‘ವಿಟಮಿನ್ ಸಿ ಸಮೃದ್ಧ’ ಅಂತ ಬರೆದ್ರೋ, ಅದನ್ನೂ ತೋರಿಸ್ಲೇಬೇಕು. ಅಂದಹಾಗೆ ‘ಕೊಬ್ಬಿನಿಂದ ಬರುವ ಕ್ಯಾಲೊರಿ’ ಅನ್ನೋ ಸಾಲು ಕಾಣ್ತಿದ್ರೆ ನಿಮ್ಮ ಟೆಂಪ್ಲೇಟೇ ಹಳೇದು, ಮೊದಲು ಅದನ್ನ ಬದಲಿಸಿ.

ಹಿಟ್ಟುಕೈ: ಕಡ್ಡಾಯ ಅಂದ್ಮೇಲೆ ಮರೆಮಾಡೋ ಗುಂಡಿ ಯಾಕೆ ಕೊಡ್ಬೇಕಿತ್ತು ಇವ್ರು? ಬೀಗ ಹಾಕಿಡಬೇಕಿತ್ತು.

ಕೋಡುಗಾರ: ಇಂಥ ಸಾಫ್ಟ್‌ವೇರ್ ಬರೆಯೋನು ನಾನು, ಅದಕ್ಕೇ ಹೇಳ್ತೀನಿ. ಅದೇ ರೆಸಿಪಿಗೆ ನಾಳೆ ಯುರೋಪಿನ ಲೇಬಲ್ ಬೇಕಾಗುತ್ತೆ. ಅಲ್ಲಿ ಸೋಡಿಯಂ ಅಲ್ಲ, ಉಪ್ಪು ಬರೀಬೇಕು, ಸೋಡಿಯಂ ಅನ್ನು 2.5ರಿಂದ ಗುಣಿಸಿ. ವಿಟಮಿನ್, ಖನಿಜ ಗಣನೀಯ ಪ್ರಮಾಣದಲ್ಲಿ ಇದ್ರೆ ಮಾತ್ರ ಹಾಕಬಹುದು. ಅಂದ್ರೆ ನಿಮ್ಮ ವಿಟಮಿನ್ ಡಿ ಸೊನ್ನೆಯನ್ನ ಅಲ್ಲಿ ತೋರಿಸಿದ್ರೇನೇ ತಪ್ಪು! ಬೀಗ ಹಾಕಿದ್ರೆ ಹೇಗೆ?

ಲೇಬಲ್‌ಮಿತ್ರ: ಹಾಗಿದ್ರೆ ದೇಶ ಆರಿಸಿದ ಕೂಡ್ಲೇ ಆ ದೇಶದ ಬೀಗ ತಾನಾಗಿ ಬೀಳೋ ಹಾಗೆ ಮಾಡಿ. ಎಲ್ಲಾನೂ ಬಳಸೋರ ತಲೆಗೆ ಕಟ್ಟೋದು ಸರಿಯಲ್ಲ.

ಕೋಡುಗಾರ: ಅದನ್ನ ಒಪ್ತೀನಿ.

ತೂಕದಕ್ಕ: ನೀವೆಲ್ಲ ಗುಂಡಿ ಬಗ್ಗೆ ಜಗಳ ಆಡ್ತಿದ್ದೀರಿ, ಆ ಸೊನ್ನೆ ಬಂದದ್ದೆಲ್ಲಿಂದ ಅಂತ ಒಬ್ರೂ ಕೇಳ್ಲಿಲ್ಲ. ವಿಟಮಿನ್ ಡಿ ಸೊನ್ನೆ ಅಂದ್ರೆ ನಂಬಬಹುದು. ಓಟ್ಸ್ ಹಾಕಿದ ಬಿಸ್ಕತ್ತಲ್ಲಿ ಪೊಟ್ಯಾಸಿಯಂ ಸೊನ್ನೆಯಾಗೋದು ಹೇಗೆ? 100 ಗ್ರಾಂ ಓಟ್ಸಲ್ಲೇ 300 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತೆ. ಸರಬರಾಜುದಾರರು ಕೊಟ್ಟ ಶೀಟಲ್ಲಿ ಆ ಕಾಲಂ ಖಾಲಿ ಇದ್ದಿರ್ಬೇಕು, ಸಾಫ್ಟ್‌ವೇರ್ ಖಾಲಿಯನ್ನ ಸೊನ್ನೆ ಅಂತ ಕೂಡಿಸಿದೆ. ‘ಇಲ್ಲ’ ಬೇರೆ, ‘ಅಳೆದಿಲ್ಲ’ ಬೇರೆ ಕಣಪ್ಪ. ಪದಾರ್ಥಗಳ ಪಟ್ಟಿಗೆ ಹೋಗಿ ನೋಡು.

ಹಿಟ್ಟುಕೈ: ಅಕ್ಕಾ, ನೀವು ಹೇಳಿದ್ದೇ ನಿಜ. ಓಟ್ಸ್, ಮೈದಾ ಎರಡರ ಶೀಟಲ್ಲೂ ಪೊಟ್ಯಾಸಿಯಂ ಇಲ್ಲ. ಎರಡಕ್ಕೂ ಸಾರ್ವಜನಿಕ ಡೇಟಾಬೇಸಿನ ಅಂಕಿ ತುಂಬಿದೆ. ಈಗ ಒಂದು ಸರ್ವಿಂಗಿಗೆ, ಅಂದ್ರೆ ಒಂದ್ಸಲ ತಿನ್ನೋ ಅಳತೆಗೆ, 50 ಮಿ.ಗ್ರಾಂ ಆಸುಪಾಸು.

ಕೋಡುಗಾರ: ನನ್ನ ಪ್ರೋಗ್ರಾಮಲ್ಲೂ ಖಾಲಿ ಅಂದ್ರೆ ಸೊನ್ನೆಯೇ. ಬೈಸಿಕೊಳ್ಳೋ ಮುಂಚೆ ಒಪ್ಕೋತೀನಿ. ಅಲ್ಲಿ ಒಂದು ಅಡ್ಡಗೆರೆ, ಜೊತೆಗೆ ಒಂದು ಎಚ್ಚರಿಕೆ ಬರೋ ಹಾಗೆ ಮಾಡ್ತೀನಿ.

ತೂಕದಕ್ಕ: ರೌಂಡಿಂಗ್ ಕೂಡ ಕೊನೆಗೊಮ್ಮೆ ಆಗ್ತಿದೆಯಾ ನೋಡ್ಕೊಳ್ಳಿ. ಟ್ರಾನ್ಸ್ ಕೊಬ್ಬು ಸರ್ವಿಂಗಿಗೆ 0.5 ಗ್ರಾಂಗಿಂತ ಕಮ್ಮಿ ಇದ್ರೆ ಅಮೆರಿಕದ ಲೇಬಲ್ಲಲ್ಲಿ 0 ಅಂತಲೇ ಹಾಕ್ತಾರೆ. ಒಂದೊಂದು ಪದಾರ್ಥದಲ್ಲೂ ಹಾಗೆ ಸೊನ್ನೆ ಮಾಡ್ತಾ ಬಂದು ಆಮೇಲೆ ಕೂಡಿಸಿದ್ರೆ, ಇರೋದೂ ಮಾಯ.

ಲೇಬಲ್‌ಮಿತ್ರ: ಹಿಟ್ಟುಕೈ, ಪೊಟ್ಯಾಸಿಯಂನ ದಿನದ ಮೌಲ್ಯ, ಅಂದ್ರೆ ಲೇಬಲ್ ಲೆಕ್ಕಕ್ಕೆ ಹಿಡಿಯೋ ದಿನದ ಪ್ರಮಾಣ, 4700 ಮಿ.ಗ್ರಾಂ. 50 ಅಂದ್ರೆ ಶೇ. 2ಕ್ಕಿಂತ ಕಮ್ಮಿ. ಹಾಗಿದ್ದಾಗ ಸಾಲು ತೆಗೆದು, ಕೆಳಗೆ ‘ವಿಟಮಿನ್ ಡಿ, ಪೊಟ್ಯಾಸಿಯಂನ ಗಣನೀಯ ಮೂಲವಲ್ಲ’ ಅನ್ನೋ ವಾಕ್ಯ ಇಂಗ್ಲಿಷಲ್ಲಿ ಹಾಕಬಹುದು. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೂ ಒಂದು ಆಯ್ಕೆ ಇರುತ್ತೆ.

ಹಿಟ್ಟುಕೈ: ಅಲ್ಲ ಸ್ವಾಮಿ, ಇಷ್ಟೆಲ್ಲ ಸುತ್ತಿ ಕೊನೆಗೆ ಮರೆಮಾಡೋದೇ ಆಯ್ತಲ್ಲ!

ತೂಕದಕ್ಕ: ಆಯ್ತು. ಏನನ್ನ ಮರೆಮಾಡ್ತಿದ್ದೀಯ ಅಂತ ಈಗ ಗೊತ್ತಲ್ಲ. ಆ ಶೀಟಲ್ಲಿ ಕಬ್ಬಿಣದ ಕಾಲಂ ತುಂಬಿದೆಯಾ?

ಹಿಟ್ಟುಕೈ: …ಇಲ್ಲ. ಹೋಗಿ ತುಂಬಿ ಬರ್ತೀನಿ.