ಕಾನೂನು ಕೇಳಿ: ಈ ವಾರ ಸಂವಿಧಾನ, ಹೆಣ್ಣುಮಕ್ಕಳ ಹಕ್ಕು

ಅಡ್ಮಿನ್: ಸಂಜೆ ಏಳರಿಂದ ನಿವೃತ್ತ ಕಾನೂನು ಪ್ರಾಧ್ಯಾಪಕಿ ಮೇಡಂ ಉತ್ತರಿಸುತ್ತಾರೆ. ಶುಭೋದಯ, ಸುಭಾಷಿತ ಬೇಡ.

ತುಮಕೂರು: ನಮಸ್ಕಾರ ಮೇಡಂ. ಮದುವೆಯಾಗಿ ಹೋದವಳಿಗೆ ಪಿತ್ರಾರ್ಜಿತದಲ್ಲಿ ಪಾಲಿದೆಯಾ? ಅಪ್ಪ 2003ರಲ್ಲೇ ತೀರಿಕೊಂಡರು.

ಮೇಡಂ: ಇದೆ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕಿಲ್ಲ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ವಿಭಾಗ ಪತ್ರ ರಿಜಿಸ್ಟರ್ ಆಗಿದ್ದರೆ ಬೇರೆ ಮಾತು.

ಮೈಸೂರು, ಎಲ್‌ಎಲ್‌ಬಿ ವಿದ್ಯಾರ್ಥಿನಿ: ಮೇಡಂ, ಲತಿಕಾ ಸರ್ಕಾರ್ ಬಗ್ಗೆ ಸೆಮಿನಾರ್ ಇದೆ. ಅವರು ವಾದಿಸಿ ಗೆದ್ದ ದೊಡ್ಡ ಕೇಸ್ ಯಾವುದು? ನನಗೂ ಪಾಠ ಮಾಡೋ ಆಸೆ, ಮನೇಲಿ ಪ್ರಾಕ್ಟೀಸ್ ಮಾಡು ಅಂತಾರೆ.

ಮೇಡಂ: ಕೇಸ್ ಹುಡುಕಬೇಡಿ, 1979ರ ಬಹಿರಂಗ ಪತ್ರ ಹುಡುಕಿ. ಅವರು ದೆಹಲಿ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸಿದವರು. ಮಹಿಳೆಯರ ಸ್ಥಾನಮಾನದ ಬಗ್ಗೆ 1974ರಲ್ಲಿ ವರದಿ ಕೊಟ್ಟ ಸಮಿತಿಯಲ್ಲೂ ಇದ್ದರು. ಪತ್ರ ಮಥುರಾ ಎಂಬ ಹುಡುಗಿಯ ಅತ್ಯಾಚಾರ ಪ್ರಕರಣದ್ದು. 1972, ಮಹಾರಾಷ್ಟ್ರದ ದೇಸಾಯ್‌ಗಂಜ್ ಠಾಣೆ. ರಾತ್ರಿ, ಬಾಗಿಲು ಮುಚ್ಚಿದೆ, ದೀಪ ಆರಿದೆ. ಒಳಗೆ ಪೊಲೀಸರ ಜೊತೆ ಆದಿವಾಸಿ ಹುಡುಗಿ, ಹೊರಗೆ ಅವಳ ಕಡೆಯವರು. ಹೈಕೋರ್ಟ್ ಕೊಟ್ಟ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಮೈಮೇಲೆ ಗಾಯ ಇಲ್ಲ, ಹಾಗಾಗಿ ಒಪ್ಪಿಗೆ ಇತ್ತಂತೆ! ಲತಿಕಾ, ಉಪೇಂದ್ರ ಬಕ್ಷಿ, ವಸುಧಾ ಧಾಗಂವಾರ್, ರಘುನಾಥ್ ಕೇಳ್ಕರ್ ಸೇರಿ ಮುಖ್ಯ ನ್ಯಾಯಮೂರ್ತಿಗೇ ಬರೆದರು: ಮಣಿದದ್ದು ಒಪ್ಪಿದ್ದಾಗೋದಿಲ್ಲ. ಬೀದಿಯಲ್ಲಿ ಚಳವಳಿ ಎದ್ದಿತು. 1983ರಲ್ಲಿ ಆಗಿನ ಸಾಕ್ಷ್ಯ ಕಾಯ್ದೆಗೆ 114ಎ ಅನ್ನೋ ಕಲಂ ಬಂತು: ಕಸ್ಟಡಿಯಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, 'ನಾನು ಒಪ್ಪಿರಲಿಲ್ಲ' ಅಂತ ಅವಳು ಕೋರ್ಟಲ್ಲಿ ಹೇಳಿದರೆ, ಒಪ್ಪಿರಲಿಲ್ಲ ಅಂತಲೇ ಕೋರ್ಟ್ ಹಿಡಿಯಬೇಕು. ಮನೆಯವರಿಗೆ ಇದನ್ನು ಓದಿ ಹೇಳಿ.

ಗದಗ: ಮೇಡಂರೀ, ಮದುವಿ ಆದ ಮಗಳಿಗೂ ಪಾಲು ಐತೇನ್ರಿ?

ಮೇಡಂ: ಇದೆ. ಮೇಲೆ ನೋಡಿ.

ಹಾಸನ: (ಫಾರ್ವರ್ಡ್) ಹೆಣ್ಣುಮಕ್ಕಳು 3 ತಿಂಗಳಲ್ಲಿ ಅರ್ಜಿ ಹಾಕದಿದ್ದರೆ ಪಾಲು ರದ್ದು! ಎಲ್ಲರಿಗೂ ಕಳಿಸಿ!!

ಮೇಡಂ: ಸುಳ್ಳು. ಇಂಥದ್ದನ್ನು ನಂಬಿ ಗಾಬರಿಯಲ್ಲಿ ಯಾರದೋ ಛಾಪಾ ಕಾಗದಕ್ಕೆ ಸಹಿ ಹಾಕಿದವರು ಆಮೇಲೆ ವರ್ಷಗಟ್ಟಲೆ ಕೋರ್ಟ್ ಅಲೀತಾರೆ. ಆಗ ನೀವು ಜೊತೆಗೆ ಹೋಗ್ತೀರಾ? ಅಳಿಸಿ.

ದಾವಣಗೆರೆ: ಸಾಲ ಮಾಡಿ ಮದುವೆ ಮಾಡಿದೀವಿ, ಚಿನ್ನ ಹಾಕಿದೀವಿ. ಈಗ ಹೊಲದಲ್ಲೂ ಪಾಲಾ?

ಶಿರಸಿ: ಅಣ್ಣಾ, ಚಿನ್ನ ಕೇಳಿದ್ದು ನಿಮ್ಮ ತಂಗಿಯೋ, ಬೀಗರೋ?

ದಾವಣಗೆರೆ: ಅಕ್ಕಾರೇ, ನೀವು ಯಾವತ್ತಾದರೂ ಗದ್ದೆಗೆ ಇಳಿದಿದೀರಾ?

ಶಿರಸಿ: ನಾಟಿ ಮಾಡಿದ್ದೇನೆ, ಕಳೆ ಕಿತ್ತಿದ್ದೇನೆ. ಪಹಣಿಯಲ್ಲಿ ಮಾತ್ರ ತಮ್ಮನ ಹೆಸರು.

ಮಂಗಳೂರು: ಮೇಡಂ, ನಾವು ಕ್ರೈಸ್ತರು. ನಮಗೆ ಯಾವ ಕಾಯ್ದೆ?

ದಾವಣಗೆರೆ: ಇಂಥವರಿಂದಲೇ ಮನೆ ಒಡೆಯೋದು.

ಶಿರಸಿ: ಸುಮ್ಮನೆ ಕೊಟ್ಟುಬಿಟ್ಟಿದ್ದರೆ ಯಾಕೆ ಒಡೀತಿತ್ತು?

ಅಡ್ಮಿನ್: ವೈಯಕ್ತಿಕ ಬೇಡ. ಇಬ್ಬರಿಗೂ ಹೇಳ್ತಿದೀನಿ.

ಗದಗ: ಮೇಲೆ ಅಂದ್ರ ಎಲ್ರೀ?

ಮೈಸೂರು, ಎಲ್‌ಎಲ್‌ಬಿ ವಿದ್ಯಾರ್ಥಿನಿ: ಪತ್ರದಿಂದ ಆ ಹುಡುಗಿಗೆ ನ್ಯಾಯ ಸಿಕ್ಕಿತಾ ಮೇಡಂ?

ಮೇಡಂ: ಇಲ್ಲ. ತೀರ್ಪು ಹಾಗೇ ಉಳಿಯಿತು. ಸೆಮಿನಾರಲ್ಲಿ ಇದನ್ನು ಬಿಡಬೇಡಿ.

ದಾವಣಗೆರೆ: ಮೇಡಂ, ತಂಗಿ ಕೈಲಿ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರೆ ನಡೆಯುತ್ತಾ?

ಮೇಡಂ: ಅವಳೇ ಓದಿ, ಮನಸಾರೆ ಒಪ್ಪಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ನಡೆಯುತ್ತೆ. ಮೊದಲು ಅವಳನ್ನು ಈ ಗುಂಪಿಗೆ ಸೇರಿಸಿ.